ಆರು ಹೂವು, ಒಂದು ಬಾವಲಿ

"ಮುಚ್ಚೋ ಅದನ್ನ! ಬೆಳಕು ಒಳಗೆ ಬಿಡಬೇಡ!"

ಚರ್ಚಿನ ಅಟ್ಟದ ಕತ್ತಲಿನಿಂದ ಹೆಣ್ಣುದನಿಯೊಂದು ಹೀಗೆ ಚೀರಿದ್ದೇ ತಡ, ಮಾಡಿನ ಮೇಲೆ ಕುಳಿತು ಕಲ್ಲುಚಪ್ಪಡಿ ಎತ್ತಿದ್ದ ಕಲೋಯನ್‌ನ ಕೈ ಅಲ್ಲೇ ನಿಂತುಹೋಯಿತು.

ಬಗ್ಗಿ ನೋಡಿದ. ಬಿಳಿ ನಿಲುವಂಗಿ, ಬಿಳಿ ಮುಸುಕು, ಹಣೆಯ ಮೇಲೆ ಕೆಂಪಗೆ ಉರಿಯುವ ಒಂದೇ ಒಂದು ಕಣ್ಣು!

"ಅಯ್ಯೋ ದೇವಮಾತೆ..." ಗಡಬಡಿಸಿ ಶಿಲುಬೆಯ ಗುರುತು ಹಾಕಿಕೊಂಡ. "ನೀನು ಯಾರೇ ಆಗಿರು ತಾಯಿ, ನಾನು ಮೂರು ಮಕ್ಕಳ ತಂದೆ. ನನ್ನನ್ನ ಬಿಟ್ಟುಬಿಡು!"

"ಸುಳ್ಳು! ನಿನಗೆ ಮದುವೇನೇ ಆಗಿಲ್ಲ. ಹೊಳೆಯಾಚೆ ಇರೋ ನಿಮ್ಮಮ್ಮ ಹತ್ತೂರಲ್ಲಿ ಹೆಣ್ಣು ಹುಡುಕಿ ಸುಸ್ತಾಗಿದ್ದಾಳೆ ಅಂತ ನಮ್ಮಜ್ಜಿ ಹೇಳಿದ್ಲು. ಕಲ್ಲು ಮುಚ್ತೀಯೋ ಇಲ್ವೋ?"

ದೆವ್ವಕ್ಕೆ ತನ್ನ ಮನೆಯ ಸಮಾಚಾರವೆಲ್ಲ ಗೊತ್ತು! ಕಲೋಯನ್ ತೆಪ್ಪಗೆ ಚಪ್ಪಡಿ ಮುಚ್ಚಿದ.

ಸ್ವಲ್ಪ ಹೊತ್ತಿಗೆ ಚರ್ಚಿನ ಪಕ್ಕದ ಬಾಗಿಲಿನಿಂದ ದೆವ್ವ ಹೊರಗೆ ಬಂತು. ಮುಸುಕು ಕಿತ್ತಿತು, ಹಣೆಯ ದೀಪ ತೆಗೆಯಿತು. ಬೆವರಿಗೆ ಅಂಟಿದ ಕಂದು ಕೂದಲು, ಸಿಟ್ಟಿಗೆ ಕೆಂಪಾದ ಮೂಗು, ಮೈತುಂಬ ನೂರು ವರ್ಷದ ಧೂಳು...

'ಇಷ್ಟು ಚೆಂದದ ದೆವ್ವವಾದರೆ ಹಿಡಿದುಕೊಂಡರೂ ಅಡ್ಡಿಯಿಲ್ಲ' ಅಂದುಕೊಂಡ ಕಲೋಯನ್. ಕೆಳಗೆ ಇಳಿಯುತ್ತಿದ್ದವನು ಏಣಿಯ ಕೊನೆಯ ಮೆಟ್ಟಿಲು ತಪ್ಪಿ ದಢಾರನೆ ಕೆಳಗೆ ಕುಳಿತ.

ಅವಳು ನಗಲಿಲ್ಲ. ನಗು ಬಂದಿತ್ತು, ತುಟಿ ಕಚ್ಚಿ ನುಂಗಿದಳು.

ಅವಳು ಜೋರ್ನಿತ್ಸಾ. ರಾಜಧಾನಿ ಸೋಫಿಯಾದ ಪ್ರಯೋಗಾಲಯದಲ್ಲಿ ಕೆಲಸ. ಪ್ರಾಣಿಗಳಿಗೆ ಮುಪ್ಪು ಹೇಗೆ ಬರುತ್ತದೆ, ಕ್ಯಾನ್ಸರ್ ಯಾಕೆ ಕೆಲವನ್ನು ಮುಟ್ಟುತ್ತದೆ, ಕೆಲವನ್ನು ಮುಟ್ಟದೆ ದಾಟಿ ಹೋಗುತ್ತದೆ ಎಂಬುದೇ ಅವಳ ಹುಡುಕಾಟ. ಪ್ರತಿ ಬೇಸಿಗೆಗೆ ರೊಡೋಪ ಬೆಟ್ಟದ ಈ ಲಿಪೊವೊ ಹಳ್ಳಿಗೆ, ಪೆನಾ ಅಜ್ಜಿಯ ಮನೆಗೆ ಬರುತ್ತಾಳೆ. ಹಗಲೆಲ್ಲ ಅಟ್ಟದಲ್ಲಿ ಬಾವಲಿಗಳ ಜೊತೆ. ಊರಿನವರಿಗೆ ಅದು ಅಭ್ಯಾಸವಾಗಿಬಿಟ್ಟಿದೆ.

ಆದರೆ ಈ ವರ್ಷ ಮಾಡು ಸೋರತೊಡಗಿತ್ತು. ಪಾದ್ರಿ ಎವ್ತಿಮಿ ಹೊಳೆಯಾಚೆಯಿಂದ ಮಾಡಿನ ಕೆಲಸದವನನ್ನು ಕರೆಸಿದ್ದರು.

"ಗುರುಗಳೇ, ಇವನು ಮಾಡು ಬಿಚ್ಚಿದ್ರೆ ತಾಯಂದಿರು ಹೆದರಿ ಹಾರಿಹೋಗ್ತವೆ. ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿಲ್ಲ. ಎಲ್ಲಾ ನೆಲಕ್ಕೆ ಬಿದ್ದು ಸಾಯ್ತವೆ!"

"ಮಗಳೇ, ತಿಂಗಳ ಕೊನೆಗೆ ಸಂತ ಪೇತ್ರನ ಹಬ್ಬ. ಊರಿಗೆ ಊರೇ ಬರುತ್ತೆ. ಪೂಜೆ ಮಧ್ಯೆ ನನ್ನ ತಲೆ ಮೇಲೆ ನೀರು ತೊಟ್ಟಿಕ್ಕಿದ್ರೆ ಸಂತನಿಗೆ ಏನು ಹೇಳಲಿ? ಬಾವಲಿಗೆ ಬಾಡಿಗೆಗೆ ಕೊಟ್ಟಿದ್ದೀನಿ ಅನ್ನಲಾ?"

ಜೋರ್ನಿತ್ಸಾಳ ಕಣ್ಣು ತುಂಬಿತು. ಅಷ್ಟರಲ್ಲಿ ಸೊಂಟ ಉಜ್ಜಿಕೊಳ್ಳುತ್ತ ಕಲೋಯನ್ ಮಧ್ಯೆ ಬಾಯಿ ಹಾಕಿದ.

"ಗುರುಗಳೇ, ಉತ್ತರದ ಕಡೆ ಮೊದಲು ಮುಗಿಸ್ತೀನಿ. ದಕ್ಷಿಣದ ಕಡೆ ಹೊರಗಿಂದಲೇ ಸೋರೋ ಜಾಗಕ್ಕೆ ತೇಪೆ ಹಾಕಿ, ಅವು ಹೋಗಿ ಬರೋಕೆ ಒಂದು ಚಪ್ಪಡಿಯಷ್ಟು ಕಂಡಿ ಬಿಡ್ತೀನಿ. ಬಾಣಂತಿಯರು ಇರೋ ಮನೆ ಬಿಚ್ಚೋಕಾಗುತ್ತಾ?"

ಬಾಣಂತಿಯರು! ಬಾವಲಿಗಳನ್ನು ಆ ಮಾತಿನಿಂದ ಕರೆದವರನ್ನು ಅವಳು ಇದುವರೆಗೆ ಕಂಡಿರಲಿಲ್ಲ.

"ಆದ್ರೆ ಒಂದು ಷರತ್ತು, ಡಾಕ್ಟ್ರಮ್ಮ," ಅವನು ಕಣ್ಣು ಮಿಟುಕಿಸಿದ. "ಆ ಬಾಣಂತಿಯರನ್ನ ನನಗೂ ಒಂದ್ಸಲ ತೋರಿಸ್ಬೇಕು."

* * *

ಮರುದಿನ ಸಂಜೆ ಅವಳು ಅವನನ್ನು ಒಳಗೆ ಕರೆದುಕೊಂಡು ಹೋದಳು.

ಅಟ್ಟ ಹತ್ತುವ ಮೊದಲು ಅವಳು ಎಂದಿನಂತೆ ಮೇಣದ ಬತ್ತಿ ಹಚ್ಚಿದಳು. ಅಲ್ಲಿನ ಚರ್ಚುಗಳಲ್ಲಿ ದೀಪಕ್ಕೆ ಎರಡು ನೆಲೆ. ಮೇಲಿನ ತಟ್ಟೆ ಬದುಕಿರುವವರ ಆಯುಷ್ಯಕ್ಕೆ, ಕೆಳಗಿನ ಮರಳು ತೀರಿಹೋದವರ ನೆನಪಿಗೆ. ಜೋರ್ನಿತ್ಸಾ ಬಗ್ಗಿ ಮರಳಿನಲ್ಲಿ ಎರಡು ಬತ್ತಿ ನೆಟ್ಟಳು. ಒಂದು ಅಮ್ಮನಿಗೆ, ಒಂದು ಚಿಕ್ಕಮ್ಮನಿಗೆ.

ಮೇಲಿನ ತಟ್ಟೆಯ ಕಡೆ ಅವಳು ತಲೆಯೆತ್ತಿಯೂ ನೋಡಲಿಲ್ಲ. ಕಲೋಯನ್ ಅದನ್ನು ಗಮನಿಸಿದ.

ಅಟ್ಟದಲ್ಲಿ ಕೆಂಪು ದೀಪದ ಮಂದ ಬೆಳಕು. ತೊಲೆಯ ಉದ್ದಕ್ಕೂ ತಲೆಕೆಳಗಾಗಿ ನೂರಾರು ಜೀವಗಳು, ಒಂದಕ್ಕೊಂದು ಒತ್ತಿಕೊಂಡು, ಎದೆಗೆ ಮರಿ ಅವುಚಿಕೊಂಡು... ಇಡೀ ತೊಲೆಯೇ ಉಸಿರಾಡುತ್ತಿರುವಂತೆ ಕಾಣುತ್ತಿತ್ತು.

ಕಲೋಯನ್ ತಾನಾಗಿಯೇ ಟೋಪಿ ತೆಗೆದ.

ಜೋರ್ನಿತ್ಸಾ ಒಂದೊಂದನ್ನೇ ನೋಡುತ್ತ ಹೋದಳು. ತೊಲೆಯ ತುದಿಯಲ್ಲಿ ಒಂದು ಬಾವಲಿಯ ಮುಂಗೈಯಲ್ಲಿ ಏನೋ ಹೊಳೆಯಿತು. ಕೈಗವಸಿನಲ್ಲಿ ಅದನ್ನು ಮೆಲ್ಲಗೆ ಹಿಡಿದು ದೀಪ ಹತ್ತಿರ ತಂದಳು. ಸವೆದ ಲೋಹದ ಬಳೆ. ಮೇಲೆ ಸವೆದ ಅಂಕಿಗಳು.

ಓದಿದಳು. ಮತ್ತೆ ಓದಿದಳು.

"ಇಲ್ಲ... ಇದು ಸಾಧ್ಯವೇ ಇಲ್ಲ..."

"ಏನಾಯ್ತು? ಕಚ್ತಾ?"

"ಈ ಬಳೆ ತೊಡಿಸಿದ್ದು ನಮ್ಮಮ್ಮ!" ಅವಳು ಅಂಕಿಗಳ ಮೇಲೆ ಬೆರಳಾಡಿಸಿದಳು. "ಅಮ್ಮನೂ ಇದೇ ಕೆಲಸ ಮಾಡ್ತಿದ್ಲು, ಇದೇ ಅಟ್ಟದಲ್ಲಿ. ನಾನು ಹೊಟ್ಟೇಲಿದ್ದಾಗ... ನನಗೀಗ ಮೂವತ್ತನಾಲ್ಕು. ಕಲೋಯನ್, ಇದು ನನಗಿಂತ ದೊಡ್ಡದು!"

ಅವಳ ಅಂಗೈಯಲ್ಲಿ ನಾಲ್ಕು ಚೆರಿ ಹಣ್ಣಿನಷ್ಟು ತೂಕದ ಜೀವ. ಅದರ ಎದೆಗೆ ಕಚ್ಚಿಕೊಂಡ ಈ ವರ್ಷದ ಮರಿ. ಮೂವತ್ತನಾಲ್ಕು ಚಳಿಗಾಲ ಮಲಗಿ ಎದ್ದ ಮುದುಕಿ, ಇನ್ನೂ ಹಾಲೂಡಿಸುತ್ತಿದ್ದಾಳೆ!

"ಇಷ್ಟೇ ದಪ್ಪದ ಇಲಿ ಎಷ್ಟು ವರ್ಷ ಬದುಕುತ್ತೆ ಗೊತ್ತಾ? ಎರಡು, ಹೆಚ್ಚೆಂದ್ರೆ ಮೂರು."

"ನಮ್ಮನೆ ಬೆಕ್ಕು ಇದ್ರೆ ಅದೂ ಇಲ್ಲ."

"ಅದೇ ಗುಟ್ಟು!" ಅವಳು ಅವನ ಕಡೆ ತಿರುಗಿದಳು. ಮುಖದ ತುಂಬ ಬೆಳಕು. "ಬೆಕ್ಕಿನ ಬಾಯಿಗೆ ಹೋಗೋ ಇಲಿಗೆ ಮುಪ್ಪು ತಡೆಯೋ ಕಾವಲು ಯಾಕೆ? ಅದರ ಮೈ ಬೇಗ ಬೆಳೆದು, ಬೇಗ ಮರಿ ಹಾಕೋದಕ್ಕೇ ಶಕ್ತಿ ಸುರಿಯುತ್ತೆ. ಇದಕ್ಕೆ ರೆಕ್ಕೆ ಬಂತು. ಬೆಕ್ಕಿಗೆ ಸಿಗಲಿಲ್ಲ. ಹೆಚ್ಚು ದಿನ ಉಳಿದವುಗಳಲ್ಲಿ ಯಾವುದರ ಮೈ ಚೆನ್ನಾಗಿ ರಿಪೇರಿ ಮಾಡ್ಕೊಳ್ತಿತ್ತೋ ಅದರ ವಂಶ ಬೆಳೀತು. ಹಾಗೇ ಲಕ್ಷಾಂತರ ತಲೆಮಾರು..."

"ಅಂದ್ರೆ ಇದಕ್ಕೆ ವಯಸ್ಸೇ ಆಗಲ್ವಾ?"

"ಆಗುತ್ತೆ. ತುಂಬಾ ನಿಧಾನ. ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ದೀಪದ ಬತ್ತಿ ಥರ ಒಂದು ತುದಿ ಇದೆ. ಕೋಶ ಒಡೆದು ಎರಡಾದಾಗಲೆಲ್ಲ ಬತ್ತಿ ಒಂದಿಷ್ಟು ಸವೆಯುತ್ತೆ. ಪೂರ್ತಿ ಸವೆದ್ರೆ ಆ ಕೋಶ ನಿಂತುಹೋಗುತ್ತೆ. ಈ ಜಾತಿ ಬಾವಲಿಯಲ್ಲಿ ವಯಸ್ಸಾದ್ರೂ ಬತ್ತಿ ಸವೆದಿರೋದು ನಮಗೆ ಕಾಣ್ಸೋದಿಲ್ಲ!"

"ಅಯ್ಯೋ, ಹಾಗಾದ್ರೆ ನಮಗೆ ಮಾತ್ರ ಯಾಕಪ್ಪಾ ಸವೆಯೋ ಬತ್ತಿ? ದೇವರು ನಮ್ಮ ಹತ್ರ ಜಿಪುಣತನ ಮಾಡಿದ್ನಾ?"

"ಇಲ್ಲ. ಅದೂ ಒಂದು ಕಾವಲೇ. ಹುಚ್ಚು ಹಿಡಿದು ಬೆಳೆಯೋ ಕೋಶಕ್ಕೆ ಸವೆಯದ ಬತ್ತಿ ಸಿಕ್ರೆ ಅದೇ ಕ್ಯಾನ್ಸರ್. ನಮ್ಮಂಥ ದೊಡ್ಡ ಮೈಗೆ ಆ ಅಪಾಯ ಜಾಸ್ತಿ, ಅದಕ್ಕೇ ಬತ್ತಿಗೆ ಅಳತೆ ಇದೆ. ಮುಪ್ಪು ಅನ್ನೋದು ಎಷ್ಟೋ ಮಟ್ಟಿಗೆ... ನಾವು ಉಳಿದದ್ದಕ್ಕೆ ಕಟ್ಟೋ ಸುಂಕ."

ಮೇಲೆ ಸಂಜೆಗಾಳಿ ಚಪ್ಪಡಿಗಳ ಸಂದಿನಲ್ಲಿ ಯಾರೋ ಸ್ತೋತ್ರ ಗುನುಗಿದಂತೆ ಹಾದುಹೋಯಿತು.

"ಆನೆ ಅಷ್ಟು ದೊಡ್ಡದು. ಅದಕ್ಕೆ ಇನ್ನೂ ಜಾಸ್ತಿ ಬರ್ಬೇಕಲ್ವಾ?"

"ಬರಬೇಕಿತ್ತು. ಬರೋದು ಕಮ್ಮಿ! ಕೆಟ್ಟ ಕೋಶವನ್ನ ಹಿಡಿದು ನಿಲ್ಲಿಸೋ ಒಬ್ಬ ಕಾವಲುಗಾರ ಇದ್ದಾನೆ. ನಮ್ಮೆಲ್ಲರಲ್ಲಿ ಅವನು ಇಬ್ಬರು, ಅಪ್ಪನಿಂದ ಒಬ್ಬ, ಅಮ್ಮನಿಂದ ಒಬ್ಬ. ಆನೆಯಲ್ಲಿ ಸುಮಾರು ನಲವತ್ತು! ಇನ್ನೂರು ವರ್ಷ ಬದುಕೋ ತಿಮಿಂಗಿಲ ಬೇರೆ ದಾರಿ ಹಿಡೀತು, ಮುರಿದದ್ದನ್ನ ಅಚ್ಚುಕಟ್ಟಾಗಿ ಬೆಸೆಯೋದು. ನೆಲದೊಳಗಿನ ಬೋಳು ಇಲಿ ಮತ್ತೊಂದು ದಾರಿ. ಒಬ್ಬರನ್ನ ನೋಡಿ ಒಬ್ಬರು ಕಲಿತದ್ದಲ್ಲ, ಕಲೋಯನ್. ಕಡಲಲ್ಲಿ, ಕಾಡಲ್ಲಿ, ಕತ್ತಲೆಯಲ್ಲಿ... ಬದುಕು ತಾನಾಗಿ ತಡಕಾಡಿ ತಡಕಾಡಿ ಕಂಡುಕೊಂಡದ್ದು."

ಅವಳು ಮುದುಕಿ ಬಾವಲಿಯನ್ನು ಮತ್ತೆ ತೊಲೆಗೆ ಹಚ್ಚಿದಳು. ಅದು ಮರಿಯ ಮೇಲೆ ರೆಕ್ಕೆ ಹೊದಿಸಿಕೊಂಡಿತು.

'ಅಮ್ಮನ ಬೆರಳು ಮುಟ್ಟಿದ್ದು ಇದನ್ನ. ಅಮ್ಮ ಹೋದಳು. ಇದು ಇದೆ...'

ಅವಳ ಕೆನ್ನೆಯ ಮೇಲೆ ಇಳಿದದ್ದು ಕಣ್ಣೀರೋ ಬೆವರೋ ಕಲೋಯನ್‌ಗೆ ತಿಳಿಯಲಿಲ್ಲ. ತನ್ನ ಕರವಸ್ತ್ರ ಚಾಚಿದ. ಅದರ ತುಂಬ ಸುಣ್ಣದ ಪುಡಿ! ಒರೆಸಿಕೊಂಡವಳ ಮುಖ ಗೋಡೆಯಂತೆ ಬೆಳ್ಳಗಾಯಿತು.

"ಈಗ ಮತ್ತೆ ದೆವ್ವ ಆದ್ರಿ," ಅಂದ.

ಈ ಸಲ ಅವಳಿಗೆ ನಗು ತಡೆಯಲಾಗಲಿಲ್ಲ.

* * *

ಆಮೇಲಿನ ದಿನಗಳು ಹೇಗೆ ಹೋದವೋ!

ಚಪ್ಪಡಿ ಬಡಿಯುವ ಮೊದಲು ಅವನು ಮೇಲಿಂದ ಸಿಳ್ಳೆ ಹಾಕುತ್ತಿದ್ದ. ಅವಳು ಒಳಗಿಂದ ತೊಲೆ ತಟ್ಟಿದರೆ ಮಾತ್ರ ಸುತ್ತಿಗೆ ಏಳುತ್ತಿತ್ತು. ಮಧ್ಯಾಹ್ನ ಪೆನಾ ಅಜ್ಜಿ ಕೊಟ್ಟ ಚೀಸ್ ತುಂಬಿದ ಬಾನಿತ್ಸಾ ರೊಟ್ಟಿ ಚರ್ಚಿನ ನೆರಳಲ್ಲಿ ಇಬ್ಬರ ಪಾಲಾಗುತ್ತಿತ್ತು. 'ಡಾಕ್ಟ್ರಮ್ಮ' ಹೋಗಿ 'ಜೋರಾ' ಬಂತು. 'ನೀವು' ಹೋಗಿ 'ನೀನು' ಬಂತು.

ಹಬ್ಬಕ್ಕೆ ಇನ್ನೇನು ಎರಡೇ ದಿನ ಅನ್ನುವಾಗ ಅವನು ಸುತ್ತಿಗೆ ಪಕ್ಕಕ್ಕಿಟ್ಟು ಗಂಟಲು ಸರಿಮಾಡಿಕೊಂಡ.

"ಜೋರಾ... ಒಂದು ಮಾತು ಕೇಳಬೇಕು ಅಂತ..."

"ಬೇಡ!" ಅವಳ ಮುಖ ಕಂದಿತು. "ಕೇಳಬೇಡ. ಮೊದಲು ನಾನು ಹೇಳೋದು ಕೇಳು. ಎಲ್ಲರಲ್ಲೂ ಕಾವಲುಗಾರರು ಇಬ್ಬರು ಅಂದಿದ್ದೆನಲ್ಲ... ನನ್ನಲ್ಲಿ ಒಬ್ಬನೇ. ಇನ್ನೊಬ್ಬ ಹುಟ್ಟಿನಿಂದಲೇ ಕೆಟ್ಟಿದ್ದಾನೆ. ಅಮ್ಮನಿಂದ ಬಂದದ್ದು. ಪರೀಕ್ಷೆಯಲ್ಲಿ ಗೊತ್ತಾಗಿದೆ. ಚಿಕ್ಕಮ್ಮ ಇಪ್ಪತ್ತೊಂಬತ್ತಕ್ಕೆ ಹೋದ್ಲು. ಅಮ್ಮ ಮೂವತ್ತನಾಲ್ಕಕ್ಕೆ. ನನಗೆ ಈಗ ಆ ವಯಸ್ಸು."

"ಈಗ... ಏನಾದ್ರೂ..."

"ಈಗ ಏನಿಲ್ಲ. ವರ್ಷಾ ವರ್ಷಾ ನೋಡಿಸ್ಕೊಳ್ತೀನಿ. ಆದ್ರೆ ಯಾವತ್ತು ಬರುತ್ತೋ, ಯಾರಿಗೆ ಗೊತ್ತು? ನನಗೆ ಮಗುವಾದ್ರೆ ಅದಕ್ಕೂ ಬರಬಹುದು. ನಾನು ಯಾರ ಕೈಯನ್ನೂ ಹಿಡಿಯೋದಿಲ್ಲ ಅಂತ ಎಂದೋ ತೀರ್ಮಾನ ಮಾಡಿದ್ದೀನಿ. ಅರ್ಧ ದಾರೀಲಿ ಬಿಟ್ಟುಹೋಗೋ ಕೈ ಯಾಕೆ ಬೇಕು ನಿನಗೆ?"

ಅವನು ಬಾಯಿ ತೆರೆಯುವ ಮೊದಲೇ ಅವಳು ಎದ್ದು ಓಡಿದಳು.

* * *

ಮರುದಿನ ಬೆಳಿಗ್ಗೆ ಪೆನಾ ಅಜ್ಜಿಯ ಅಂಗಳದ ಬಾಗಿಲು ಬಡಿಯಿತು.

ಕಲೋಯನ್! ಇಸ್ತ್ರಿ ಮಾಡಿದ ಅಂಗಿ, ಒದ್ದೆ ಮಾಡಿ ಬಾಚಿದ ತಲೆ. ಕೈಯಲ್ಲಿ ಬೊಜುರ್ ಹೂಗಳು. ಎತ್ತರದ ಬೆಟ್ಟದಲ್ಲಿ ತಡವಾಗಿ ಅರಳುವ, ಅಂಗೈಯಗಲದ ರಕ್ತಗೆಂಪು ಹೂಗಳು.

ಜೋರ್ನಿತ್ಸಾ ಅಂಗಳಕ್ಕೆ ಓಡಿ ಬಂದಳು. 'ಬಂದ! ಎಲ್ಲ ಕೇಳಿಯೂ ಬಂದ!' ಬೇಡ ಬೇಡವೆಂದರೂ ಕೈ ತಾನಾಗಿ ಮುಂದೆ ಹೋಯಿತು...

ಪೆನಾ ಅಜ್ಜಿಯ ಕಣ್ಣು ಹೂವಿನ ಮೇಲೆ ಓಡಿತು. ತುಟಿ ಅಲ್ಲಾಡಿತು. ಮುಖ ಬಿಳಿಚಿತು.

"ಆರು!"

ಬದುಕಿರುವವರಿಗೆ ಬೆಸ, ಸತ್ತವರಿಗೆ ಸಮ. ತೊಟ್ಟಿಲಿನ ಮಗುವಿಗೂ ಅಲ್ಲಿ ಅದು ಗೊತ್ತು. ಸಮಸಂಖ್ಯೆಯ ಹೂ ಗೋರಿಯ ಮೇಲೆ ಇಡುವುದು.

"ಹೆಣಕ್ಕೆ ಹೂ ತಂದ್ಯೇನೋ ಪಾಪಿ?" ಅಜ್ಜಿ ಕಿರುಚಿದಳು. "ಎರಡು ಹೆಣ್ಣುಮಕ್ಕಳನ್ನ ಮಣ್ಣಿಗೆ ಕೊಟ್ಟೋಳು ನಾನು! ಇವಳಿಗೂ ಈಗಲೇ ತಂದ್ಯಾ?"

ಕಲೋಯನ್ ಹೂಗಳನ್ನು ನೋಡಿದ. ಎಣಿಸಿದ. ಅವನ ಮುಖದ ಬಣ್ಣ ಹಾರಿತು.

"ಅಜ್ಜೀ, ಇಲ್ಲ... ಏಳು ಇತ್ತು... ನಮ್ಮಮ್ಮನ ಮೇಲಾಣೆ, ಏಳು ಕಿತ್ತಿದ್ದೆ..."

"ಇನ್ನೊಂದು ಎಲ್ಲಿ?" ಜೋರ್ನಿತ್ಸಾಳ ದನಿ ಮಂಜಿನಂತೆ ತಣ್ಣಗಿತ್ತು.

ಅವನು ಚರ್ಚಿನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ. "ಅದು... ಅದನ್ನ ಹೇಳೋ ಹಾಗಿಲ್ಲ, ಜೋರಾ."

'ಹೇಳುವ ಹಾಗಿಲ್ಲವಂತೆ! ಅವನ ಮನಸ್ಸಿನೊಳಗೆ ನಾನು ಆಗಲೇ ಸತ್ತವಳು. ಅವನಿಗೆ ಗೊತ್ತಿಲ್ಲದೆಯೇ ಅವನ ಕೈ ನಿಜ ಹೇಳಿಬಿಟ್ಟಿತು...'

ಅಜ್ಜಿ ಹೂಗಳನ್ನು ಕಿತ್ತುಕೊಂಡು ಬೇಲಿಯಾಚೆಗೆ, ತೊರೆಗೆ ಎಸೆದಳು. ಜೋರ್ನಿತ್ಸಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕದಕ್ಕೆ ಬೆನ್ನು ಕೊಟ್ಟು ಕುಸಿದಳು.

ಹೊರಗೆ ತುಂಬ ಹೊತ್ತಿನ ಮೇಲೆ ಅವನ ಹೆಜ್ಜೆಯ ಸದ್ದು ದೂರವಾಯಿತು.

* * *

ಸಂಜೆ ಚರ್ಚಿನಲ್ಲಿ ಯಾರೂ ಇರಲಿಲ್ಲ. ಪಾದ್ರಿ ಎವ್ತಿಮಿ ಒಬ್ಬರೇ ಹಬ್ಬಕ್ಕೆಂದು ಹಿತ್ತಾಳೆ ತಿಕ್ಕುತ್ತಿದ್ದರು.

ಜೋರ್ನಿತ್ಸಾ ಊದಿಕೊಂಡ ಕಣ್ಣಿನಲ್ಲೇ ಬಂದಳು. ಮನುಷ್ಯರು ಏನಾದರೂ ಮಾಡಿಕೊಳ್ಳಲಿ, ಬಾವಲಿಗಳ ಕೆಲಸ ನಿಲ್ಲಬಾರದು. ಎಂದಿನಂತೆ ಮರಳಿನ ಕಡೆ ಬಗ್ಗಿದಳು. ಎರಡು ಬತ್ತಿ ನೆಟ್ಟಳು.

ಬತ್ತಿಯ ಪಕ್ಕದಲ್ಲಿ, ಮರಳಿನ ಮೇಲೆ, ರಕ್ತಗೆಂಪಿನ ಒಂದು ಎಸಳು!

ಎಲ್ಲಿಂದ ಬಿತ್ತು? ತಲೆಯೆತ್ತಿದಳು. ಇಷ್ಟು ವರ್ಷ ನೋಡದೆ ಬಿಟ್ಟ ಮೇಲಿನ ತಟ್ಟೆಯನ್ನು ನೋಡಿದಳು.

ಬದುಕಿರುವವರ ತಟ್ಟೆಯಲ್ಲಿ, ಕರಗಿ ಮುಗಿದ ಒಂದು ಬತ್ತಿಯ ಬುಡದಲ್ಲಿ, ದೇವಮಾತೆಯ ಪಟಕ್ಕೆ ಮುಖಮಾಡಿ ಒಂದು ಬೊಜುರ್ ಹೂ ಮಲಗಿತ್ತು.

ಏಳನೆಯದು!

"ಗುರುಗಳೇ... ಇದು... ಯಾರು?"

"ಇನ್ಯಾರು? ನಮ್ಮ ಮಾಡಿನವನು." ಪಾದ್ರಿ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಬಾಗಿಲು ತೆಗೆಯೋ ಮುಂಚೆ ಬಂದು ನಿಂತಿದ್ದ. 'ಯಾರಿಗಪ್ಪಾ?' ಅಂದೆ. 'ಬದುಕಿರೋರಿಗೆ' ಅಂದ. ಹೆಸರು ಕೇಳಿದ್ರೆ ಹೇಳಲೊಲ್ಲ. ಬಾಯಿಬಿಟ್ಟು ಹೇಳಿದ ಹರಕೆ ಫಲಿಸಲ್ಲ ಅಂತ ಅವನಮ್ಮ ಕಲಿಸಿದ್ದಾಳಂತೆ. ನಾನು ಪಾದ್ರಿ ಕಣೋ, ನನ್ನ ಹತ್ರಾನಾ ಅಂದೆ. 'ನಿಮಗಿಂತ ನಮ್ಮಮ್ಮ ಸ್ಟ್ರಿಕ್ಟು' ಅಂದ, ಪೋಲಿ!"

ಜೋರ್ನಿತ್ಸಾ ಕಂಬಕ್ಕೆ ಒರಗಿ ನಿಂತಳು.

ಅವನು ಸತ್ತವಳಿಗೆ ಆರು ತಂದಿರಲಿಲ್ಲ. ಅವಳ ಆಯುಷ್ಯಕ್ಕೆಂದು ಒಂದನ್ನು ಮೊದಲು ದೇವಮಾತೆಯ ಮುಂದಿಟ್ಟು, ಆ ಭಕ್ತಿಯಲ್ಲಿ, ಉಳಿದದ್ದನ್ನು ಎಣಿಸುವುದನ್ನೇ ಮರೆತಿದ್ದ! ಬೈಸಿಕೊಂಡ. ಹೂ ತೊರೆಗೆ ಬೀಳುವುದನ್ನು ನೋಡಿದ. ಆದರೂ ಬಾಯಿಬಿಡಲಿಲ್ಲ, ಹರಕೆ ಒಡೆಯಬಾರದೆಂದು.

'ನಾನು ಇಷ್ಟು ವರ್ಷ ನನ್ನನ್ನು ಈ ಮರಳಿಗೇ ಸೇರಿಸಿಕೊಂಡಿದ್ದೆ. ಇವನು ಬಂದು ಮೇಲೆತ್ತಿ ಇಟ್ಟ...'

"ಮಗಳೇ," ಪಾದ್ರಿ ಮೆಲ್ಲಗೆ ಹೇಳಿದರು. "ಮೇಲಿನ ತಟ್ಟೆಗೂ ಅದೇ ಬತ್ತಿ. ಬೇರೆ ಬೇಕಾಗಿಲ್ಲ."

ಅವಳು ಮೂರನೆಯ ಬತ್ತಿ ಹಚ್ಚಿದಳು. ಜೀವನದಲ್ಲಿ ಮೊದಲ ಸಲ, ಬದುಕಿರುವವರ ತಟ್ಟೆಯಲ್ಲಿ, ತನ್ನ ಹೆಸರಿಗೆ ಬತ್ತಿ ನಿಲ್ಲಿಸಿದಳು.

ಆಮೇಲೆ ಓಡಿದಳು. ಚರ್ಚಿನ ಏಣಿಗಲ್ಲ, ಮೊದಲು ತೊರೆಯ ಕಡೆಗೆ!

* * *

ಕಲೋಯನ್ ಮಾಡಿನ ಮೇಲೆ ಒಬ್ಬನೇ ಕುಳಿತಿದ್ದ. ಕೆಲಸ ಮುಗಿದಿತ್ತು. ದಕ್ಷಿಣದ ಇಳಿಜಾರಿನಲ್ಲಿ ಒಂದೇ ಒಂದು ಚಪ್ಪಡಿಯಷ್ಟು ಕಂಡಿ ಬಿಟ್ಟಿದ್ದ.

ಏಣಿ ಕಿರುಗುಟ್ಟಿತು. ಕೆದರಿದ ತಲೆ, ಮೊಣಕಾಲಿನವರೆಗೆ ಒದ್ದೆಯಾದ ಪಾವಡೆ, ಕೈಗೆ ಮುಳ್ಳು ಗೀರಿದ ಗೆರೆಗಳು...

"ಜೋರಾ! ಹುಷಾರು, ಆ ಕಲ್ಲು ಇನ್ನೂ..."

"ಸುಮ್ನಿರು. ನಿನ್ನ ಹೂಗಳಲ್ಲಿ ಐದನ್ನ ತೊರೆ ತಗೊಂಡು ಹೋಯ್ತು." ಅವಳು ಏದುಸಿರು ಬಿಡುತ್ತ ಮುಷ್ಟಿ ಚಾಚಿದಳು. "ಇದೊಂದು ಬೇಲಿಗೆ ಸಿಕ್ಕಿಕೊಂಡು ಉಳಿದಿತ್ತು. ಒಂದು. ಬೆಸ ತಾನೇ?"

ಅವನು ಹೂವನ್ನು ನೋಡಿದ, ಅವಳನ್ನು ನೋಡಿದ.

"ನಾನು ಮೇಲಿನ ತಟ್ಟೆ ನೋಡಿದೆ, ಕಲೋಯನ್."

"ಅಯ್ಯೋ! ನಾನು ಹೇಳಿಲ್ಲ ಕಣೇ! ಹರಕೆ..."

"ನೀನು ಹೇಳಿಲ್ಲ. ನಾನೇ ನೋಡಿದ್ದು. ಅದು ಲೆಕ್ಕಕ್ಕಿಲ್ಲ." ಅವಳ ಕಣ್ಣು ತುಂಬಿ ಬಂತು. "ನಿನ್ನೆ ಏನೋ ಕೇಳಬೇಕು ಅಂದ್ಯಲ್ಲ..."

ಕಲೋಯನ್ ಚಪ್ಪಡಿ ಕೂರಿಸುವಷ್ಟೇ ಎಚ್ಚರದಿಂದ, ಒಂದೊಂದೇ ಮಾತು ಇಟ್ಟ.

"ನಿನ್ನಲ್ಲಿ ಒಬ್ಬ ಕಾವಲುಗಾರ ಕಮ್ಮಿ ಅಂದೆ. ಆನೆಗಿರೋ ಹಾಗೆ ನಲವತ್ತು ಜನರನ್ನ ತರೋ ಶಕ್ತಿ ನನಗಿಲ್ಲ. ಆ ಒಂದು ಜಾಗ ಖಾಲಿ ಇದ್ಯಲ್ಲ... ಅಲ್ಲಿಗೆ ನನ್ನನ್ನ ಸೇರಿಸ್ಕೊಳ್ತೀಯಾ? ನನಗೆ ಕೋಶ ರಿಪೇರಿ ಬರಲ್ಲ. ಆದ್ರೆ ಪ್ರತಿ ವರ್ಷ ಆಸ್ಪತ್ರೆ ಬಾಗಿಲಲ್ಲಿ ನಿನ್ನ ಕೋಟು ಹಿಡ್ಕೊಂಡು ಕೂತಿರ್ತೀನಿ. ಅಷ್ಟು ಬರುತ್ತೆ."

"ಅರ್ಧ ದಾರೀಲಿ..."

"ದಾರಿ ಎಷ್ಟು ಉದ್ದ ಅಂತ ಯಾರಿಗೆ ಹೇಳಿ ಕಳಿಸಿದ್ದಾರೆ ಜೋರಾ? ನಾನು ದಿನಾ ಮಾಡಿನ ಮೇಲೆ ನಡೆಯೋನು."

ಅವಳು ಅತ್ತಳು. ನಕ್ಕಳು. ಅವನ ಭುಜಕ್ಕೆ ತಲೆಯಿಟ್ಟಳು.

ಅಷ್ಟರಲ್ಲಿ ಕಂಡಿಯೊಳಗೆ ಏನೋ ಮಿಸುಕಿತು.

ಒಂದು ಬಂತು. ಹಿಂದೆ ಮತ್ತೊಂದು. ಆಮೇಲೆ ಧಾರೆ ಧಾರೆಯಾಗಿ, ಚರ್ಚೇ ಉಸಿರು ಬಿಟ್ಟಂತೆ, ನೂರಾರು ಬಾವಲಿಗಳು ಅವರ ಕಿವಿಯ ಪಕ್ಕದಲ್ಲಿ ಗಾಳಿ ಸವರಿ ಬೆಟ್ಟದ ಕಡೆ ಹಾರಿದವು. ಪಡುವಣದ ಕೊನೆಯ ಕೆಂಪಿನಲ್ಲಿ ಒಂದರ ಮುಂಗೈ ಮಿನುಗಿತೋ, ಅಥವಾ ಹಾಗೆ ಅನ್ನಿಸಿತೋ!

"ಅಮ್ಮನ ಬಾವಲಿ!" ಅವಳು ಪಿಸುಗುಟ್ಟಿದಳು.

ಬೆಟ್ಟ ಅವುಗಳನ್ನು ನುಂಗಿದ ಮೇಲೂ ಇಬ್ಬರೂ ಕೈಮುಗಿದವರಂತೆ ಕುಳಿತಿದ್ದರು.

ಕಲೋಯನ್ ಬೊಜುರ್ ಹೂವನ್ನು ಅವಳ ಕಿವಿಯ ಹಿಂದೆ ಸಿಕ್ಕಿಸಲು ಕೂದಲು ಸರಿಸಿದ. ಸರಿಸಿದವನು ತಟಕ್ಕನೆ ನಿಂತ.

"ಜೋರಾ... ಹೇಳಿದ್ರೆ ಬೈಯಲ್ವಾ?"

"ಏನು?"

"ಒಂದು ಬಿಳಿ ಕೂದಲು."

ಅವಳ ಕೈ ಕೂದಲಿಗೆ ಹೋಯಿತು. ಮೂವತ್ತನಾಲ್ಕರಲ್ಲಿ ಹೋದ ಅಮ್ಮನ ಜಡೆ ಕೊನೆಯವರೆಗೂ ಕಪ್ಪಗೇ ಇತ್ತು. ಚಿಕ್ಕಮ್ಮನದೂ ಅಷ್ಟೇ. ಆ ಮನೆಯ ಹೆಣ್ಣುಮಕ್ಕಳಲ್ಲಿ ನರೆಯನ್ನು ಕಂಡವಳು ಪೆನಾ ಅಜ್ಜಿಯೊಬ್ಬಳೇ.

"ನಿಜವಾಗ್ಲೂ?"

"ನಿಜವಾಗ್ಲೂ. ಕಿತ್ತುಬಿಡ್ಲಾ?"

"ಮುಟ್ಟಿದ್ರೆ ನೋಡು!" ಅವಳು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಇನ್ನೂ ತುಂಬಾ ಬರಬೇಕು. ನೀನು ಪಕ್ಕದಲ್ಲಿ ಕೂತು ನೋಡ್ಬೇಕು."

"ಎಣಿಸ್ಲಾ?"

"ಬೇಡಪ್ಪಾ... ನಿನಗೆ ಎಣಿಕೆ ಬರಲ್ಲ!"